ತುಕ್ಕು ಹಿಡಿಯದ ಬಾನಿ

ರಾಮಾಂಜಿನಪ್ಪನಿಗೆ ಹೊಳೆಯುವ ವಸ್ತು ಕಂಡರೆ ಪ್ರಾಣ. ದಿನಾ ಬೆಳಿಗ್ಗೆ ಸೈಕಲ್ಲಿನ ಬೆಲ್ಲನ್ನು ಪಂಚೆಯ ಚುಂಗಿನಿಂದ ಉಜ್ಜಿ, ಅದರಲ್ಲಿ ಮೀಸೆ ನೋಡಿಕೊಂಡೇ ಮನೆಯಿಂದ ಹೊರಡುತ್ತಿದ್ದ. ಚೈನಿಗೆ ಎಣ್ಣೆ ಬಿಟ್ಟಿದ್ದನ್ನು ಮಾತ್ರ ಯಾರೂ ಕಂಡವರಿಲ್ಲ. ಆ ಕಿರುಗುಟ್ಟುವ ಸದ್ದು ಬೀದಿಯ ಆ ತುದಿಯಲ್ಲಿ ಕೇಳಿದರೆ ಸಾಕು, ಶಿಡ್ಲಘಟ್ಟದ ಜನ ‘ಬಂದ ನೋಡಪ್ಪ ಥಳಕಿನ ರಾಮಾಂಜಿ’ ಎಂದು ನಗುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ. ಈ ಗುಣವೇ ಮುಂದೊಂದು ದಿನ ಹೆತ್ತ ತಾಯಿಗಿಂತ ಹೆಚ್ಚಾಗಿದ್ದ ಅಕ್ಕನನ್ನು ಮನೆಯಿಂದ ಆಚೆ ಹಾಕೀತು ಎಂದು ಯಾರಾದರೂ ಹೇಳಿದ್ದರೆ ಅವರ ಮೇಲೆ ಜಗಳಕ್ಕೆ ಬೀಳುತ್ತಿದ್ದ.

ಅಕ್ಕನ ಹೆಸರು ಅಮ್ಮಾಜಮ್ಮ. ಗೌರಿಬಿದನೂರು ಕಡೆಯ ತೊಂಡೇಬಾವಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ವರ್ಷವೇ ತವರಿಗೆ ಬಂದಳು. ಅದಾದ ಸ್ವಲ್ಪ ದಿನಕ್ಕೆ ತಾಯಿಯೂ ಕಣ್ಣು ಮುಚ್ಚಿದಾಗ ರಾಮಾಂಜಿನಪ್ಪ ಇನ್ನೂ ಚಡ್ಡಿ ಎಳೆದುಕೊಳ್ಳುವ ವಯಸ್ಸಿನವನು. ಅವನಿಗೆ ಉಣಿಸಿ, ತಲೆ ಬಾಚಿ, ಸ್ಕೂಲಿಗೆ ಅಟ್ಟಿ, ಕೊನೆಗೆ ಹೆಣ್ಣು ಹುಡುಕಿ ಮದುವೆ ಮಾಡಿದವಳೂ ಅವಳೇ. ಅದರ ನಡುವೆ ಬಿಸಿನೀರಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ ಕಲಿತಳು. ಕಲಿತಳು ಎಂದರೆ ಸಾಲದು. ಆ ಕೆಲಸ ಅವಳ ಕೈಗೆ ಬಂದು ಕೂತುಬಿಟ್ಟಿತು. ಮಗ್ಗದವರು ಬೇರೆ ಯಾರ ನೂಲಿನ ಲಡಿಯಾದರೂ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುವರು. ಇವಳದಾದರೆ, “ಅಮ್ಮಾಜಮ್ಮನ ನೂಲಾ? ಕಟ್ರಿ” ಎನ್ನುವರು, ಅಷ್ಟೇ. ಆ ಮಾತು ಕಿವಿಗೆ ಬಿದ್ದ ದಿನ ಅವಳು ಅಡುಗೆಗೆ ಒಂದು ಹಿಡಿ ಬೇಳೆ ಜಾಸ್ತಿ ಹಾಕುತ್ತಿದ್ದಳು.

ಅವಳಿಗೆ ಎರಡು ಅಭ್ಯಾಸಗಳಿದ್ದವು. ಒಂದು ಎಲೆ ಅಡಿಕೆ. ಸೊಂಟದಲ್ಲಿ ಸದಾ ಒಂದು ಕೆಂಪು ಬಟ್ಟೆಯ ಚೀಲ, ಬಾಯಲ್ಲಿ ಸದಾ ಒಂದು ಬೀಡ. ಇನ್ನೊಂದು, ನೂಲಿನ ಎಳೆ ತುಂಡಾದಾಗ ಗಂಟು ಹಾಕಿ, ಗಂಟಿನ ಬಾಲವನ್ನು ಹಲ್ಲಿನಿಂದ ಕಚ್ಚಿ ತೆಗೆಯುವುದು. ಆಗ ಬೀಡವನ್ನು ದವಡೆಗೆ ಒತ್ತರಿಸಿ, ತುಟಿಯನ್ನು ಸೆರಗಿನ ತುದಿಯಿಂದ ಒರೆಸಿಕೊಂಡು, ಆಮೇಲೆ ಕಚ್ಚುವಳು.

“ಒಂದು ಕತ್ತರಿ ಇಟ್ಕೊಳ್ಳಕ್ಕ,” ಎಂದು ಪಕ್ಕದವರು ಯಾರಾದರೂ ಅಂದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು. “ಕತ್ತರಿಗೇನು ನಾಲಿಗೆ ಐತೇನೇ? ಗಂಟು ಎಲ್ಲೈತೆ ಅಂತ ನಾಲಿಗೆಗೇ ಕಣೇ ಗೊತ್ತಾಗೋದು.”

ಅರವತ್ತೊಂದನೇ ಇಸವಿಯಲ್ಲಿ ರಾಮಾಂಜಿನಪ್ಪ ಮನೆಯ ಹಿಂದಿನ ಕಣದಲ್ಲಿ ದೊಡ್ಡ ಶೆಡ್ಡು ಹಾಕಿದ. ಊರಿನಲ್ಲಿ ಉಳಿದವರೆಲ್ಲ ಮಣ್ಣಿನ ಮಡಕೆಯಲ್ಲೋ ತಾಮ್ರದ ಬಾನಿಯಲ್ಲೋ ಗೂಡು ಬೇಯಿಸುತ್ತಿದ್ದರು. ತಾಮ್ರದಲ್ಲಿ ನೂಲಿಗೆ ಒಂದು ಛಾಯೆ ಹಸಿರು ಹತ್ತುತ್ತದೆ ಎಂಬ ದೂರು ಇದ್ದೇ ಇತ್ತು. ಇವನು ಮಾತ್ರ ಎವರ್‌ಸಿಲ್ವರ್, ಅಂದರೆ ತುಕ್ಕು ಹಿಡಿಯದ ಸ್ಟೀಲಿನ ಬಾನಿಯೇ ಬೇಕು ಎಂದು ಹಟ ಹಿಡಿದ. ಮದುವೆ ಮನೆಯಲ್ಲಿ ಒಂದು ಎವರ್‌ಸಿಲ್ವರ್ ಲೋಟ ಕಂಡರೆ ನೆಂಟರು ಕಾಫಿ ಆರಿಹೋದರೂ ಲೋಟ ತಿರುಗಿಸಿ ನೋಡುತ್ತಿದ್ದ ಕಾಲ ಅದು.

ತಗಡು ಸಿಕ್ಕಿದ್ದು ಬೆಂಗಳೂರಿನ ಪೇಟೆಯ ಒಂದು ಅಂಗಡಿಯಲ್ಲಿ. ಅಂಗಡಿಯ ಮುದುಕ ತಗಡನ್ನು ಗೋಡೆಗೆ ಆನಿಸಿ ನಿಲ್ಲಿಸಿ, “ನೋಡಿ, ಇದನ್ನ ಬಗ್ಗಿಸಿ ಅಂಚು ಬೆಸೆದ್ರೆ ಬೆಸೆದ ಜಾಗ ಕಪ್ಪಗಾಗುತ್ತೆ. ಅದನ್ನ ಆಸಿಡ್ ನೀರಲ್ಲಿ ನೆನೆಹಾಕಿ ತೆಗೀಬೇಕು. ಕಬ್ಬಿಣದ ಬ್ರಷ್ಷು ಮಾತ್ರ ತಾಗಿಸ್ಬೇಡಿ. ಯಾಕೆ ಅಂದ್ರೆ...” ಎಂದು ಶುರುಮಾಡಿದ.

ಯಾಕೆ ಎಂಬುದು ರಾಮಾಂಜಿನಪ್ಪನ ಕಿವಿಗೆ ಬೀಳಲಿಲ್ಲ. ಅವನು ತಗಡಿನಲ್ಲಿ ತನ್ನನ್ನು ನೋಡಿಕೊಳ್ಳುತ್ತಿದ್ದ. ಇಡೀ ಆಳು ಕಾಣುತ್ತಿದ್ದ, ಪಂಚೆ ಅಂಚಿನ ಸಮೇತ.

ಬೆಸೆಯುವ ಕೆಲಸಕ್ಕೆ ಚಿಕ್ಕಬಳ್ಳಾಪುರದ ಮುನಿವೆಂಕಟಪ್ಪನನ್ನು ಗೊತ್ತುಮಾಡಿದ. ಮುನಿವೆಂಕಟಪ್ಪ ಬಸ್ಸು ಲಾರಿಗಳ ಮುರಿದ ಭಾಗಗಳಿಗೆ ಗ್ಯಾಸ್ ಹಿಡಿದು ಬೆಸೆಯುವವನು; ಎವರ್‌ಸಿಲ್ವರನ್ನು ಕೈಯಲ್ಲಿ ಮುಟ್ಟಿದ್ದು ಅದೇ ಮೊದಲು. ಬುದ್ಧಿವಂತ, ಅಷ್ಟೂ ತಗಡಿಗೆ ಒಟ್ಟಿಗೆ ಕೈಹಾಕಲಿಲ್ಲ. ಅಂಗೈ ಅಗಲದ ಒಂದು ಚೂರು ಕತ್ತರಿಸಿ, ನಡುವೆ ಒಂದು ಗೆರೆ ಬೆಸೆದು, ಅರ್ಧ ಭಾಗವನ್ನು ಆಸಿಡ್ಡಿನಲ್ಲಿ ಅದ್ದಿದ. ಇನ್ನರ್ಧವನ್ನು, ಲಾರಿ ಕೆಲಸದಲ್ಲಿ ಮಾಡುವ ಹಾಗೆ, ಕಬ್ಬಿಣದ ತಂತಿಯ ಬ್ರಷ್ಷಿನಿಂದ ತಿಕ್ಕಿದ. ಎರಡು ಕಡೆಯೂ ಕಪ್ಪು ಹೋಯಿತು. ಆದರೆ ಆಸಿಡ್ಡಿಗೆ ಅದ್ದಿದ ಅರ್ಧ ಮಜ್ಜಿಗೆಯಲ್ಲಿ ತೊಳೆದ ಹಾಗೆ ಮಂಕಾಗಿತ್ತು. ಬ್ರಷ್ಷು ಹಾಕಿದ ಅರ್ಧ ಬಿಸಿಲಿಗೆ ಹಿಡಿದರೆ ಕಣ್ಣು ಕೋರೈಸುತ್ತಿತ್ತು.

“ಯಾವುದು ಮಾಡಣಪ್ಪ?” ಎಂದು ಮುನಿವೆಂಕಟಪ್ಪ ಕೇಳಿದ. “ನಂಗೆ ಇದರ ಗುಣ ಗೊತ್ತಿಲ್ಲ. ಅಂಗಡಿಯೋನು ಆಸಿಡ್ಡು ಅಂದಿದ್ರೆ ಅದೇ ಮಾಡಣ. ನಾಲ್ಕು ದಿನ ತಡ ಆಗ್ತದೆ, ಆಗ್ಲಿ.”

“ಈ ಬೂದಿ ಬಳಿದಂಗಿರೋ ಬಾನಿ ಇಟ್ಟು ಶೆಡ್ಡು ತೆಗೆದ್ರೆ ಊರೋರು ಏನಂತಾರೆ ಗೊತ್ತಾ? ರಾಮಾಂಜಿ ಅಲ್ಯುಮಿನಿಯಂ ತಂದು ಎವರ್‌ಸಿಲ್ವರ್ ಅಂತ ಬುರುಡೆ ಬಿಡ್ತಾನೆ ಅಂತಾರೆ. ಬ್ರಷ್ಷೇ ಹಾಕು.”

“ಅಂಗಡಿಯೋನು ಬೇಡ ಅಂದನಲ್ಲ?”

“ಅವನು ಆಸಿಡ್ಡೂ ಮಾರ್ತಾನೆ ಕಣೋ, ಅದಕ್ಕೆ ಅಂದವ್ನೆ.”

ಮುದುಕ ಆಸಿಡ್ಡು ಮಾರುತ್ತಿರಲಿಲ್ಲ. ರಾಮಾಂಜಿನಪ್ಪನಿಗೂ ಅದು ಗೊತ್ತಿತ್ತು. ಬಾಯಿಗೆ ಬಂತು, ಅಂದುಬಿಟ್ಟ. ಮುನಿವೆಂಕಟಪ್ಪ ಭುಜ ಕುಣಿಸಿ ಕೆಲಸಕ್ಕೆ ಕೂತ. ಬಾನಿಗಳು ಒಂದೊಂದಾಗಿ ಸಿದ್ಧವಾದವು. ಬಾಗಿಲಿಗೆ ಎದುರಾಗಿ ಇಡುವ ಮೊದಲನೇ ಬಾನಿ ಅಕ್ಕನದು ಎಂದು ರಾಮಾಂಜಿನಪ್ಪ ಮೊದಲೇ ತೀರ್ಮಾನಿಸಿದ್ದ. ಅದಕ್ಕೆ ಮಾತ್ರ ಬೇರೆಯವರನ್ನು ಕೈಹಾಕಲು ಬಿಡದೆ, ತಾನೇ ಅಂಗಿ ಬಿಚ್ಚಿಟ್ಟು ಕೂತು, ಒಳಗೂ ಹೊರಗೂ, ಬೆಸೆದ ಗೆರೆಯ ಮೇಲಂತೂ ಮತ್ತೆ ಮತ್ತೆ, ಸಂಜೆಯವರೆಗೆ ಬ್ರಷ್ಷು ತಿಕ್ಕಿದ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅಕ್ಕನಿಗಾಗಿ ಅವನು ಅಷ್ಟು ಮೈಮುರಿದು ಮಾಡಿದ ಕೆಲಸ ಬಹುಶಃ ಅದೊಂದೇ.

ಶೆಡ್ಡು ತೆರೆದ ದಿನ ಅರ್ಧ ಊರು ನೆರೆದಿತ್ತು. ರಾಮಾಂಜಿನಪ್ಪ ಮೊದಲನೇ ಬಾನಿಯ ಅಂಚಿಗೆ ಬೆರಳಿನಿಂದ ಟಣ್ಣೆಂದು ಬಾರಿಸಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ, “ಇದು ಜನ್ಮಕ್ಕೂ ತುಕ್ಕು ಹಿಡಿಯಲ್ಲ ಕಣಕ್ಕ. ನೀನು ಹೋದ್ರೂ, ನಾನು ಹೋದ್ರೂ ಇದು ಹಿಂಗೇ ಇರ್ತದೆ.”

ಅಮ್ಮಾಜಮ್ಮ ಬಗ್ಗಿ ನೋಡಿದಳು. ಬಾನಿಯ ಒಳಗಿನಿಂದ ಅವಳ ಕೆಂಪು ತುಟಿಯ ಮುಖವೇ ಅವಳನ್ನು ನೋಡಿತು. “ನನ್ನ ಮೂತಿ ನೋಡ್ಕೊಂಡು ನೂಲು ಬಿಚ್ಚಬೇಕೇನೋ?” ಎಂದು ನಕ್ಕಳು. ಪಕ್ಕದ ಕಂಬದ ಮೊಳೆಗೆ ಎಲೆ ಚೀಲ ನೇತುಹಾಕಿ ಪೀಠದ ಮೇಲೆ ಕೂತಳು. ಆ ಗಳಿಗೆಯಲ್ಲಿ ರಾಮಾಂಜಿನಪ್ಪನಿಗೆ ಜೀವನದಲ್ಲಿ ಇನ್ನೇನೂ ಬೇಡವೆನ್ನಿಸಿತು.

ಮಳೆಗಾಲ ಕಳೆಯುವ ಹೊತ್ತಿಗೆ ಬೆಂಗಳೂರಿನ ಖರೀದಿದಾರರ ಪರವಾಗಿ ವೆಂಕಟರವಣಪ್ಪ ಎಂಬ ದಲ್ಲಾಳಿ ಬರತೊಡಗಿದ್ದ. ಕಣ್ಣು ಸೂಕ್ಷ್ಮ, ಬಾಯಿ ಒರಟು. ಒಂದು ದಿನ ಶೆಡ್ಡಿನ ಬಾಗಿಲ ಮುಂದೆ ಚಾಪೆ ಹಾಸಿ ಲಡಿಗಳನ್ನು ಹರಡಿ ನೋಡುತ್ತಿದ್ದವನು ನಾಲ್ಕೈದು ಲಡಿಗಳನ್ನು ಬೇರೆ ಎತ್ತಿಟ್ಟ. ಬಿಳಿ ನೂಲಿನ ಮೇಲೆ ಸಾಸಿವೆಗಿಂತ ಸಣ್ಣ ಕೆಂಗಂದು ಚುಕ್ಕೆಗಳು.

“ಇವು ಯಾರು ಬಿಚ್ಚಿದ್ದು?”

ಅವೆಲ್ಲ ಮೊದಲನೇ ಬಾನಿಯವು. ವೆಂಕಟರವಣಪ್ಪ ತಲೆ ಎತ್ತಿ ಅಮ್ಮಾಜಮ್ಮನ ಕಡೆ ನೋಡಿದ. ಅವಳು ಆಗತಾನೇ ಒಂದು ಗಂಟು ಕಚ್ಚಿ ತುಟಿ ಒರೆಸಿಕೊಳ್ಳುತ್ತಿದ್ದಳು. ಅವನು ಲಡಿಯನ್ನು ಚಾಪೆಯ ಮೇಲೆ ಬಿಸಾಡಿದ.

“ಎಂಜಲು ನೂಲು ಕಣ್ರೀ ಇದು! ದೇವರಿಗೆ ಉಡಿಸೋ ಪೀತಾಂಬರ ನೇಯ್ತಾರೆ ಇದರಲ್ಲಿ. ಎಲೆ ಉಗುಳಿದ ನೂಲು ತಂದು ಕೊಡ್ತೀರಲ್ಲ, ನಿಮಗೆ ಮಾನ ಮರ್ಯಾದೆ ಐತಾ?”

ನೂಲು ಸುತ್ತುವ ರಾಟೆಗಳೆಲ್ಲ ಒಂದೇ ಸಲ ನಿಂತವು. ರಾಮಾಂಜಿನಪ್ಪನ ಕಿವಿ ಬಿಸಿಯಾಯಿತು. ಆಗ ಅವನು ಎರಡು ಹೆಜ್ಜೆ ಇಟ್ಟು ಬಾನಿಯಲ್ಲಿ ಬಗ್ಗಿ ನೋಡಿದ್ದರೆ! ನೋಡಲಿಲ್ಲ. ನೋಡುವುದೇನಿದೆ, ಎವರ್‌ಸಿಲ್ವರ್ ತುಕ್ಕು ಹಿಡಿಯುವುದುಂಟೇ? ಅವನ ಕಣ್ಣೂ ಅಕ್ಕನ ಬಾಯಿಯ ಮೇಲೆಯೇ ಹೋಯಿತು.

“ಎಲೆ ಹಾಕ್ಕೊಂಡು ನೂಲು ಕಚ್ಚಬೇಡ ಅಂತ ಎಷ್ಟು ಸಲ ಹೇಳ್ಲಿ ನಿಂಗೆ?” ಎಂದ. ಅವನು ಒಂದು ಸಲವೂ ಹೇಳಿರಲಿಲ್ಲ.

“ಇಷ್ಟು ವರ್ಷ ಹಿಂಗೇ ಅಲ್ವೇನಪ್ಪ ಕಚ್ಚಿದ್ದು? ಯಾವತ್ತಾದ್ರೂ ಒಂದು ಚುಕ್ಕೆ ಬಿದ್ದಿತ್ತಾ?”

“ಬಿದ್ದಿರ್ತದೆ. ಆವಾಗ ನೋಡೋರು ಇರ್ಲಿಲ್ಲ.”

ಅಮ್ಮಾಜಮ್ಮನ ಮುಖ ಕಪ್ಪಿಟ್ಟಿತು. ಅವನು ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ದಲ್ಲಾಳಿಯ ಮುಂದೆ ತಾನು ಗಟ್ಟಿ ಯಜಮಾನ ಎಂದು ತೋರಿಸಿಕೊಳ್ಳಬೇಕಿತ್ತಲ್ಲ, ಅದಕ್ಕೆ ಇನ್ನೊಂದು ಮಾತು ಸೇರಿಸಿದ. “ನಿನ್ನ ಎಂಜಲಿಂದ ನನ್ನ ಶೆಡ್ಡಿನ ಹೆಸರು ಹಾಳಾಯ್ತು. ಎದ್ದೇಳು ಅಲ್ಲಿಂದ.”

ಅವಳು ಎದ್ದಳು. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದ ಸದ್ದು ಬಹಳ ಹೊತ್ತು ಕೇಳಿಸಿತು. ತಟ್ಟೆಗೆ ಅನ್ನ ಬಡಿಸಿದ ಕೈ, ಜ್ವರ ಬಂದಾಗ ಹಣೆ ಮುಟ್ಟಿದ ಕೈ, ಇವೆಲ್ಲ ರಾಮಾಂಜಿನಪ್ಪನ ನೆನಪಿಗೆ ಬಂದದ್ದು ಆಮೇಲೆ. ಚಿಕ್ಕವನಿದ್ದಾಗ ಬೆಲ್ಲದ ಅಚ್ಚನ್ನು ಅವಳು ಹಲ್ಲಿನಿಂದ ಕಚ್ಚಿ ತುಂಡು ಮಾಡಿಯೇ ಅವನ ಬಾಯಿಗೆ ಹಾಕುತ್ತಿದ್ದಳು. ಆ ಎಂಜಲು ತಿಂದೇ ಅವನು ಬೆಳೆದಿದ್ದ.

ಅವಳು ಆ ದಿನದಿಂದ ಶೆಡ್ಡಿನ ಕಡೆ ಕಾಲಿಡಲಿಲ್ಲ. ಅಡುಗೆಮನೆಯಲ್ಲಿ ಉಳಿದಳು, ಅವನ ಹೆಂಡತಿ ಎಷ್ಟು ಕರೆದರೂ ಎಲ್ಲರ ಜೊತೆ ಊಟಕ್ಕೆ ಕೂರಲಿಲ್ಲ. ಸ್ವಲ್ಪ ದಿನಕ್ಕೆ ತೊಂಡೇಬಾವಿಯಿಂದ ಮೈದುನ ಎರ್ರಪ್ಪ ಬಂದ. ಅವನ ಸೊಸೆಗೆ ಹೆರಿಗೆ ಹತ್ತಿರವಾಗಿತ್ತು, ಮನೆಯಲ್ಲಿ ಹಿರಿಯ ಹೆಂಗಸು ಬೇಕಿತ್ತು. ಅಮ್ಮಾಜಮ್ಮ ಎರಡು ಸೀರೆ ಗಂಟು ಕಟ್ಟಿಕೊಂಡು ಹೊರಟಳು. “ಬಾಣಂತನ ಮುಗಿಸ್ಕೊಂಡು ಬಂದ್ಬಿಡಕ್ಕ,” ಎಂದ ರಾಮಾಂಜಿನಪ್ಪ. ಅವಳು ಹೂಂ ಎಂದಳು. ಎಲೆ ಚೀಲ ಕಂಬದ ಮೊಳೆಯಲ್ಲೇ ಉಳಿಯಿತು. ಬಾಣಂತನ ಮುಗಿಯಿತು, ಮಗು ತೆವಳಿತು, ಅವಳು ಬರಲಿಲ್ಲ.

ಮೊದಲನೇ ಬಾನಿಗೆ ಚಿಕ್ಕವೆಂಕಟಮ್ಮ ಎಂಬವಳು ಬಂದು ಕೂತಿದ್ದಳು. ಎಲೆಯಿರಲಿ, ಒಂದು ಚೂರು ಅಡಿಕೆಯನ್ನೂ ಬಾಯಿಗೆ ಹಾಕದ ಹೆಂಗಸು. ಗಂಟಿನ ಬಾಲಕ್ಕೆ ಕತ್ತರಿ ಬಳಸುವವಳು. ಅವಳ ನೂಲಿನಲ್ಲೂ ಚುಕ್ಕೆ ಬಂತು. ಮೊದಲು ಒಂದೆರಡು, ಆಮೇಲೆ ಧಾರಾಳವಾಗಿ. ದೀಪಾವಳಿಗೆ ಶೆಡ್ಡು ಮುಚ್ಚಿ ತೆರೆದಾಗ ರಾಮಾಂಜಿನಪ್ಪ ಕೊನೆಗೂ ಬಾನಿಯೊಳಗೆ ಬಗ್ಗಿದ. ಉಳಿದಿದ್ದ ನೀರು ಆರಿಹೋಗಿತ್ತು. ಬೆಸೆದ ಗೆರೆಯ ಉದ್ದಕ್ಕೂ, ಅವನು ಬ್ರಷ್ಷು ತಿಕ್ಕಿ ತಿಕ್ಕಿ ಮಿಂಚಿಸಿದ್ದ ಮೈಯ ಮೇಲೆಲ್ಲ, ಕೆಂಗಂದು ಚುಕ್ಕೆಗಳು. ಒಂದನ್ನು ಉಗುರಿನಿಂದ ಕೆರೆದ. ಪುಡಿ ಬೆರಳಿಗೆ ಹತ್ತಿತು. ಪಕ್ಕದ ಬಾನಿಗಳನ್ನು ನೋಡಿದ. ಅಲ್ಲಿ ಅಲ್ಲೊಂದು ಇಲ್ಲೊಂದು. ಅವನ್ನು ಅವನು ಇಷ್ಟು ಪ್ರೀತಿಯಿಂದ ಉಜ್ಜಿರಲಿಲ್ಲ.

ಅದೇ ದಿನ ಚಿಕ್ಕಬಳ್ಳಾಪುರಕ್ಕೆ ಓಡಿದ. ಅಂದು ಪರೀಕ್ಷೆ ಮಾಡಿದ ತಗಡಿನ ಚೂರು ಮುನಿವೆಂಕಟಪ್ಪನ ಹಿತ್ತಲಲ್ಲಿ ನೀರಿನ ಹೂಜಿಯ ಮುಚ್ಚಳವಾಗಿ ಬಿದ್ದಿತ್ತು. ಮಂಕಾಗಿದ್ದ ಅರ್ಧ ಅಂದು ಹೇಗಿತ್ತೋ ಹಾಗೇ ಇತ್ತು. ಕಣ್ಣು ಕೋರೈಸಿದ್ದ ಅರ್ಧ ಕೆಂಪು ಹುಣ್ಣು ಎದ್ದ ಚರ್ಮದ ಹಾಗಾಗಿತ್ತು.

“ಬ್ರಷ್ಷಿನ ಕಬ್ಬಿಣ ಇದರ ಮೈಯಲ್ಲಿ ಉಳ್ಕೊಂಡಿರ್ಬೇಕು. ತುಕ್ಕು ಅದರದ್ದು,” ಎಂದ ಮುನಿವೆಂಕಟಪ್ಪ. “ಈಗ್ಲೂ ಏನೂ ಕೆಟ್ಟಿಲ್ಲ ಬಿಡಪ್ಪ. ಆಸಿಡ್ಡಲ್ಲಿ ಅದ್ದಿದ್ರೆ ಹೋಗ್ತದೆ.”

ಏನೂ ಕೆಟ್ಟಿಲ್ಲ ಎಂಬ ಮಾತು ಕೇಳಿ ರಾಮಾಂಜಿನಪ್ಪನಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ತನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕು ಎನಿಸಿತು. ಬಾನಿಗಳನ್ನು ಗಾಡಿಯಲ್ಲಿ ಹೇರಿ ಒಯ್ದು ಆಸಿಡ್ಡಿನಲ್ಲಿ ತೊಳೆಸಿದ. ಮಂಕಾಗಿ ವಾಪಸು ಬಂದವು. ಅಲ್ಲಿಂದಾಚೆ ಒಂದು ಲಡಿಯಲ್ಲೂ ಒಂದು ಚುಕ್ಕೆ ಕಾಣಲಿಲ್ಲ. ಅಲ್ಯುಮಿನಿಯಂ ಎಂದೂ ಯಾರೂ ಆಡಿಕೊಳ್ಳಲಿಲ್ಲ. ನೂಲು ಚೆನ್ನಾಗಿದ್ದರೆ ಬಾನಿಯ ಮುಖ ಯಾರು ನೋಡುತ್ತಾರೆ?

ಆ ಸಂಜೆಯೇ ತೊಂಡೇಬಾವಿಗೆ ಹೊರಟಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಹೊರಡಲಿಲ್ಲ. ಗೂಡಿನ ಸುಗ್ಗಿ ಮುಗಿಯಲಿ ಎಂದುಕೊಂಡ. ಸುಗ್ಗಿ ಮುಗಿದ ಮೇಲೆ ಸಂಕ್ರಾಂತಿ ಕಳೆಯಲಿ ಎಂದುಕೊಂಡ. ಚಿಕ್ಕಬಳ್ಳಾಪುರದ ಸಂತೆಗೆ ಹೋದವರ ಕೈಲಿ, ಗೌರಿಬಿದನೂರಿಗೆ ಹೋಗುವವರ ಕೈಲಿ ಸೀರೆ ಕಳಿಸಿದ, ಬೆಲ್ಲ ಕಳಿಸಿದ, ಕಡಲೆಕಾಯಿ ಕಳಿಸಿದ. ‘ಅಕ್ಕ, ತಪ್ಪು ನಿನ್ನದಲ್ಲ’ ಎಂಬ ಒಂದು ಮಾತು ಮಾತ್ರ ಕಳಿಸಲಿಲ್ಲ. ಅದನ್ನು ಬೇರೆಯವರ ಬಾಯಲ್ಲಿ ಹೇಳಿಸಲು ನಾಚಿಕೆ, ತಾನೇ ಹೇಳಲು ಅದಕ್ಕಿಂತ ನಾಚಿಕೆ. ಶೆಡ್ಡಿನ ಹೆಂಗಸರಿಗೂ ‘ಬಾನಿ ಕೊಳೆ ಹಿಡಿದಿತ್ತು, ತೊಳೆಸಿದೆ’ ಎಂದಷ್ಟೇ ಹೇಳಿ ತಪ್ಪಿಸಿಕೊಂಡ. ಹೀಗೆ ಎರಡು ಗೌರಿ ಹಬ್ಬ ಕಳೆದವು. ತವರಿನ ಬಾಗಿನಕ್ಕೂ ಆಳನ್ನೇ ಕಳಿಸಿದ.

ಒಂದು ಮಧ್ಯಾಹ್ನ ಚಿಕ್ಕವೆಂಕಟಮ್ಮ ಕಂಬದ ಕಡೆ ಕೈತೋರಿಸಿ ಕೇಳಿದಳು, “ಅಣ್ಣ, ಅಮ್ಮಾಜಕ್ಕನ ಚೀಲಕ್ಕೆ ಇರುವೆ ಹತ್ತೈತೆ. ತೆಗೆದು ಬಿಸಾಕ್ಲಾ?”

“ಮುಟ್ಬೇಡ ಅದನ್ನ!” ಎಂದು ಅವನು ಕೂಗಿದ್ದಕ್ಕೆ ಪಾಪ ಅವಳು ಬೆಚ್ಚಿಬಿದ್ದಳು. ಅವನು ಚೀಲವನ್ನು ಮೊಳೆಯಿಂದ ಬಿಡಿಸಿ, ಕೊಡವಿ, ಜೇಬಿನಲ್ಲಿ ಇಟ್ಟುಕೊಂಡ. ಮಾರನೇ ಬೆಳಿಗ್ಗೆಯೇ ಬಸ್ಸು ಹತ್ತಿದ. ಗೌರಿಬಿದನೂರಿನ ಪೇಟೆಯಲ್ಲಿ ಇಳಿದು ಎಳೆಯ ವೀಳ್ಯದೆಲೆ, ಅಡಿಕೆ ಕೊಂಡು ಚೀಲ ತುಂಬಿದ. ಮುನಿವೆಂಕಟಪ್ಪನಿಂದ ಅಂದೇ ಕೇಳಿ ತಂದಿಟ್ಟಿದ್ದ ತಗಡಿನ ಚೂರು ಕಾಗದದಲ್ಲಿ ಸುತ್ತಿ ಕೈಯಲ್ಲೇ ಇತ್ತು. ಅಲ್ಲಿಂದ ತೊಂಡೇಬಾವಿಗೆ ರೈಲು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡ. ಎಲ್ಲ ಸರಿಯಾಗಿಯೇ ಜೋಡಣೆಯಾಯಿತು.

ಅಮ್ಮಾಜಮ್ಮ ಎರ್ರಪ್ಪನ ಮನೆಯ ಜಗುಲಿಯಲ್ಲಿ ಕೂತು ಹೂವು ಕಟ್ಟುತ್ತಿದ್ದಳು. ತಮ್ಮನನ್ನು ಕಂಡ ಕೂಡಲೇ ಮುಖ ಅರಳಿತು. “ಬಾರಪ್ಪ! ಎಷ್ಟು ಸೊರಗಿದ್ದೀಯೋ!” ಎನ್ನುತ್ತ ಎದ್ದು, ಸೆರಗನ್ನು ಎಳೆದು ಬಾಯಿಗೆ ಅಡ್ಡ ಹಿಡಿದಳು. ಬೀದಿಯ ದೂಳಿಗೆ ಎಂದುಕೊಂಡ ಅವನು. ಒಳಗೆ ಹೋದ ಮೇಲೂ ಅವಳು ಅದನ್ನು ತೆಗೆಯಲಿಲ್ಲ. ಎಡಗೈಯಲ್ಲಿ ಸೆರಗು ಹಿಡಿದು ಬಲಗೈಯಲ್ಲೇ ನೀರು ಕೊಟ್ಟಳು. ಮೊಮ್ಮಗು ಬೆಲ್ಲದ ತುಂಡು ಹಿಡಿದು ಬಂದು ಒಡೆದುಕೊಡು ಎಂದಿತು. ಅವಳು ಸೊಸೆಯನ್ನು ಕರೆದು ಗುಂಡುಕಲ್ಲು ತರಿಸಿ ಕುಟ್ಟಿಸಿದಳು.

ರಾಮಾಂಜಿನಪ್ಪನಿಗೆ ಜೋಡಿಸಿಕೊಂಡಿದ್ದು ಒಂದೂ ನೆನಪಾಗಲಿಲ್ಲ. ಚೀಲವನ್ನು ಅವಳ ಮುಂದಿಟ್ಟ.

“ಅಯ್ಯೋ, ಇದಿನ್ನೂ ಇಟ್ಟಿದ್ಯಾ?” ಎಂದು ಅವಳು ಚೀಲದ ಮೇಲೆ ಕೈಯಾಡಿಸಿದಳು, ತೆರೆಯಲಿಲ್ಲ. “ಅವತ್ತೇ ಬಿಟ್ಟೆ ಕಣಪ್ಪ. ಹಾಳು ಚಟ. ನಿನ್ನ ರೇಷ್ಮೆ ಕೆಡಿಸ್ತು, ದೇವರಿಗೆ ಹೋಗೋ ನೂಲು. ಎಷ್ಟು ವರ್ಷ, ಯಾರ್ಯಾರ ನೂಲು ಕೆಡಿಸಿದ್ನೋ. ನೀನು ಹೇಳ್ದಂಗೆ, ನೋಡೋರಿರ್ಲಿಲ್ಲ.”

“ಅಕ್ಕ, ಅದು ನಿನ್ನ ಎಲೆ ಅಲ್ಲ. ಬಾನಿ. ನಾನು ಮಾಡಿಸಿದ್ದೇ ತಪ್ಪು.” ಅವನು ಕಾಗದ ಬಿಚ್ಚಿದ. ಬ್ರಷ್ಷು, ಆಸಿಡ್ಡು, ಅಂಗಡಿಯ ಮುದುಕ, ಚಿಕ್ಕವೆಂಕಟಮ್ಮನ ನೂಲು, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದ. “ಇಲ್ನೋಡು, ಈ ಅರ್ಧ ನೋಡು, ಇದು ತುಕ್ಕು. ಇದೇ ನೂಲಿಗೆ ಹತ್ತಿದ್ದು. ನಿಂಗೆ ಅಂದಿದ್ದೆಲ್ಲ ಸುಳ್ಳಕ್ಕ.”

ಅಮ್ಮಾಜಮ್ಮ ತಗಡನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿದಳು, ಮಗ್ಗದವರು ಬೇರೆಯವರ ಲಡಿ ನೋಡುತ್ತಿದ್ದ ರೀತಿಯಲ್ಲಿ. ಆಮೇಲೆ ಮೆಲ್ಲಗೆ ಕೆಳಗಿಟ್ಟಳು.

“ಇದು ಬೇರೆ ತಗಡು ಇರ್ಬೇಕು ಬಿಡು. ನೀನು ತಂದಿದ್ದು ಜನ್ಮಕ್ಕೂ ತುಕ್ಕು ಹಿಡಿಯಲ್ಲ ಅಂತ ನೀನೇ ಹೇಳಿದ್ಯಲ್ಲ, ಅಷ್ಟು ಜನರ ಮುಂದೆ.”

“ನಾನು ಹೇಳಿದ್ದು ತಪ್ಪಕ್ಕ! ನಂಗೆ ಗೊತ್ತಿರ್ಲಿಲ್ಲ. ನಿನ್ನಾಣೆ, ದೇವರಾಣೆ...”

“ಆಣೆ ಹಾಕ್ಬೇಡ ಕಣೋ, ಮಕ್ಕಳೊಂದಿಗ.” ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಸೆರಗಿನ ಮೇಲೆ ಕಾಣುತ್ತಿದ್ದ ಕಣ್ಣುಗಳಲ್ಲಿ ನಗು ಇತ್ತು, ಅವನು ಚಿಕ್ಕವನಿದ್ದಾಗ ಕದ್ದು ತಿಂದು ಸಿಕ್ಕಿಬಿದ್ದರೆ ನಗುತ್ತಿದ್ದಳಲ್ಲ, ಆ ನಗು. “ನನ್ನ ಸಮಾಧಾನಕ್ಕೆ ಅಂತ ಇಷ್ಟು ದೂರ ಒಂದು ಸುಳ್ಳು ಹೊತ್ಕೊಂಡು ಬಂದ್ಯಲ್ಲೋ ಹುಚ್ಚಪ್ಪ. ನಂಗೇನು ಕೋಪ ಇಲ್ಲ. ಏಳು, ಊಟ ಮಾಡು.”

ರಾಮಾಂಜಿನಪ್ಪ ಅತ್ತ. ಆ ಮನೆಯ ಸೊಸೆ ಬಾಗಿಲಲ್ಲಿ ನಿಂತಿದ್ದಾಳೆ ಎಂಬ ಪರಿವೆಯೂ ಇಲ್ಲದೆ ಅತ್ತ. ತುಕ್ಕು ಕಂಡ ದಿನವೇ ಬಂದು ಹೇಳಿದ್ದರೆ ಅವಳು ನಂಬುತ್ತಿದ್ದಳು. ಆಗ ಅವಳಿಗೆ ತನ್ನ ಬಾಯಿಯ ಮೇಲೆ ಇನ್ನೂ ಒಂದಿಷ್ಟು ನಂಬಿಕೆ ಉಳಿದಿತ್ತು. ಎರಡು ವರ್ಷದಲ್ಲಿ ಅದು ಸವೆದುಹೋಗಿತ್ತು. ಈಗ ಅವಳ ಬಳಿ ಉಳಿದಿದ್ದು ತಮ್ಮನ ಮಾತಿನ ಮೇಲಿನ ನಂಬಿಕೆ ಒಂದೇ, ಅದೂ ಅವನು ಆಡಬಾರದಿದ್ದ ಮಾತುಗಳ ಮೇಲೆ.

ಊರಿಗೆ ಬಾ ಎಂದು ಕೈ ಹಿಡಿದು ಕೇಳಿದ. ಹಬ್ಬಕ್ಕೆ ಬರ್ತೀನಿ, ಆದರೆ ಶೆಡ್ಡಿನೊಳಗೆ ಮಾತ್ರ ಬರಲ್ಲ ಎಂದಳು. ಮಧ್ಯಾಹ್ನದ ರೈಲಿಗೆ ಸ್ಟೇಷನ್ನಿನವರೆಗೂ ನಡೆದು ಬಂದಳು. ಎಲೆ ಚೀಲವನ್ನು ಅವನ ಕೈಗೇ ವಾಪಸು ಕೊಟ್ಟು, “ನಿನ್ನ ಹೆಂಡ್ತಿಗೆ ಕೊಡು, ಎಲೆ ಬಾಡಿಹೋಗ್ತವೆ,” ಎಂದಳು.

ರೈಲು ಹೊರಟಿತು. ಅವನು ಕಿಟಕಿಯಿಂದ ಕತ್ತು ಚಾಚಿ ನೋಡಿದ. ಅವಳು ಬೇವಿನ ಮರದ ಕೆಳಗೆ ನಿಂತು ಒಂದು ಕೈ ಎತ್ತಿ ಆಡಿಸುತ್ತಿದ್ದಳು. ಹತ್ತಿರದಲ್ಲಿ ಯಾರೂ ಇರಲಿಲ್ಲ. ಆದರೂ ಇನ್ನೊಂದು ಕೈ ಬಾಯಿಯ ಮೇಲಿನ ಸೆರಗನ್ನು ಬಿಡಲಿಲ್ಲ.